ಗಾಂಧಾರಿಯ ಪ್ಲೇಟುಗಳು

ತಿಪಟೂರು ಸ್ಟೇಷನ್ ಮೇಲೆ ಹಾದುಹೋಗುವ ರೈಲುದಾರಿಯೇ ಅರಸೀಕೆರೆ, ಬೀರೂರು, ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹಾವೇರಿ ದಾಟಿ, ಕುಂದಗೋಳದ ಮೇಲೆ ಹಾಯ್ದು ಹುಬ್ಬಳ್ಳಿ ಮುಟ್ಟುತ್ತದೆ. 1880ರ ದಶಕದಲ್ಲಿ ಮೀಟರ್ ಗೇಜ್ ಆಗಿ ಹಾಕಿದ ದಾರಿ ಅದು. ನಮ್ಮ ಸೀಮೆಯ ಉಂಡೆ ಕೊಬ್ಬರಿ ಚೀಲಗಟ್ಟಲೆ ಉತ್ತರಕ್ಕೆ ಹೊರಟಿದ್ದು ಆ ಕಂಬಿಯ ಮೇಲೆಯೇ. ಹೋದ ಕೊಬ್ಬರಿಗೆ ಬದಲಾಗಿ ಬಂದ ಸರಕುಗಳ ಲೆಕ್ಕ ಹಾಕುವಾಗ ಜನ ಬಟ್ಟೆ, ಪಾತ್ರೆ, ಜವಳಿ ಅಂಗಡಿಯ ಮಾತಾಡುತ್ತಾರೆ. ಹಾಡೂ ಅದೇ ದಾರಿಯಲ್ಲಿ ಬಂತು ಎನ್ನುವುದನ್ನು ನಾನು ಬರೆದಿಡಬೇಕು.

ನಮ್ಮದು ಕೆಂಕೆರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿನ ಮಗ್ಗುಲಿಗಿರುವ ಊರು. ನನ್ನ ತಾತ ತೋಟದ ಕೊಬ್ಬರಿಯನ್ನು ಗಾಡಿ ಕಟ್ಟಿಕೊಂಡು ತಿಪಟೂರಿಗೆ ಹೊಡೆಯುತ್ತಿದ್ದವರು. ಕೊಬ್ಬರಿಯ ದುಡ್ಡು ರಾಗಿಯ ದುಡ್ಡಿನ ಹಾಗಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪನ್ನು ಬಿಟ್ಟುಕೊಂಡು ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆಗೆ ಪೆಟ್ಟಾಗದಂತೆ ತೆಗೆಯಬೇಕು. ಇಷ್ಟು ಕಾದ ಮೇಲೆ ದುಡ್ಡು ಒಂದೇ ಸಲಕ್ಕೆ ಕೈಗೆ ಬರುತ್ತದೆ. ಹಾಗೆ ಬಂದಾಗ ಕೆಲವರು ಜಮೀನು ಮಾಡಿದರು, ಕೆಲವರು ಒಡವೆ ಮಾಡಿಸಿದರು. ಎರಡನೇ ಮಹಾಯುದ್ಧಕ್ಕೆ ಮುಂಚೆ ಒಂದು ಸಲ ತಾತ ಗ್ರಾಮಫೋನ್ ಪೆಟ್ಟಿಗೆ ತಂದರು. ಹುಬ್ಬಳ್ಳಿ ಕಡೆಯ ವ್ಯಾಪಾರಿಯೊಬ್ಬರು ಪ್ಲೇಟುಗಳನ್ನೂ ಹೊಂದಿಸಿ ಕೊಟ್ಟರಂತೆ. ಹೆಚ್ಚಿನವು ನಾಟಕದ ಹಾಡುಗಳು. ನಾಟಕ ಎಂದರೆ ನಮ್ಮ ಕಡೆ ಗುಬ್ಬಿ ಕಂಪನಿ. ಗುಬ್ಬಿ ವೀರಣ್ಣನವರ ಊರು ಅದೇ ರೈಲುದಾರಿಯಲ್ಲಿ ತಿಪಟೂರಿಗಿಂತ ಈಚೆಗಿದೆ. ಆದರೆ ಆ ಕಟ್ಟಿನೊಳಗೆ ನಾಟಕದ್ದಲ್ಲದ ಒಂದು ಪ್ಲೇಟೂ ಸೇರಿಕೊಂಡಿತ್ತು. ಲೇಬಲ್ಲಿನ ಮೇಲೆ ಕೊಳವೆಗೆ ಕಿವಿಗೊಟ್ಟ ನಾಯಿ, ಅದರ ಕೆಳಗೆ ಗಾಂಧಾರಿ ಎಂಬ ಹೆಸರು.

ನಾನು ಹುಟ್ಟಿ ಬುದ್ಧಿ ತಿಳಿಯುವ ಹೊತ್ತಿಗೂ ಆ ಪೆಟ್ಟಿಗೆ ಕೆಲಸ ಮಾಡುತ್ತಿತ್ತು. ಬಲಗಡೆ ಹ್ಯಾಂಡಲ್ ತೂರಿಸಿ ಸ್ಪ್ರಿಂಗ್ ಬಿಗಿಯಾಗುವವರೆಗೆ ತಿರುವುವುದು, ಪುಟ್ಟ ತಗಡಿನ ಡಬ್ಬಿಯಿಂದ ಹೊಸ ಮುಳ್ಳು ತೆಗೆದು ಸಿಕ್ಕಿಸುವುದು, ತಿರುಗುವ ಪ್ಲೇಟಿನ ಅಂಚಿಗೆ ಅದನ್ನು ಹಗುರಾಗಿ ಇಳಿಸುವುದು. ನಿಮಿಷಕ್ಕೆ 78 ಸುತ್ತು. ಮೊದಲು ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಚಟ, ಆಮೇಲೆ ಹಾರ್ಮೋನಿಯಂ, ಅದರ ಹಿಂದೆಯೇ ಆ ದನಿ. ತೆಳ್ಳಗೆ, ಮೇಲಕ್ಕೆ, ಎಲ್ಲೂ ಅಲುಗದೆ ನಿಲ್ಲುವ ಹುಡುಗಿಯ ದನಿ. ಗಂಡಸರು ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ಹೆಂಗಸರು ನಡುಮನೆಯಲ್ಲಿ ಕೆಲಸ ಮಾಡುತ್ತಲೇ ಕೇಳಬೇಕಿತ್ತು. ಹಾಡಿನ ಭಾಷೆ ಹಿಂದೂಸ್ತಾನಿ, ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಜ್ಜಿ ಮಾತ್ರ ಪ್ರತಿ ಸಲವೂ, “ಯಾವ ತಾಯಿ ಹೆತ್ತ ಮಗಳೋ, ಎಂಥ ಸಂಕಟ ನುಂಗ್ಕಂಡು ಹಾಡ್ತಾ ಅವಳೋ ಕಣವ್ವಾ” ಎನ್ನುತ್ತಿದ್ದಳು. ತಾತ, “ಅದು ರಾಗ ಕಣೇ, ಸಂಕಟ ಅಲ್ಲ” ಎಂದು ಗದರುತ್ತಿದ್ದರು.

ಆ ಗಾಂಧಾರಿಯೇ ಗಂಗೂಬಾಯಿ ಹಾನಗಲ್ ಎಂದು ನನಗೆ ತಿಳಿದದ್ದು ಟೀಚರ್ ಟ್ರೈನಿಂಗಿಗೆ ಹೋದ ಮೇಲೆ. ಧಾರವಾಡ ಆಕಾಶವಾಣಿ 1950ರ ಜನವರಿಯಲ್ಲಿ ಶುರುವಾಗಿತ್ತು. ರಾತ್ರಿ ಹೊತ್ತು ಅದು ನಮ್ಮ ಕಡೆಗೂ ಚೆನ್ನಾಗಿ ಸಿಗುತ್ತಿತ್ತು, ಗಂಗೂಬಾಯಿಯವರ ಗಾಯನ ಆಗಾಗ ಬರುತ್ತಿತ್ತು. ಅದು ಗಡಸು ದನಿ, ಕಂಚಿನ ಗಂಟೆಯನ್ನು ಒಳಗಿನಿಂದ ಬಡಿದಂಥ ದನಿ. ರೇಡಿಯೋದಲ್ಲಿ ಮೊದಲ ಸಲ ಕೇಳಿದವರು ಗಂಡಸು ಹಾಡುತ್ತಿದ್ದಾರೆ ಎಂದುಕೊಂಡದ್ದುಂಟು. ಆ ತೆಳು ದನಿಯ ಗಾಂಧಾರಿ, ಈ ಗಡಸು ದನಿಯ ಗಂಗೂಬಾಯಿ ಇಬ್ಬರೂ ಒಬ್ಬರೇ ಎಂದರೆ ನಂಬುವುದು ಹೇಗೆ? ನಡುವೆ ಏನಾಯಿತು ಎಂದು ಓದಿ, ಕೇಳಿ, ತಿಳಿದವರನ್ನು ವಿಚಾರಿಸಿ ಗೊತ್ತು ಮಾಡಿಕೊಂಡ ಮೇಲೆ ಅಜ್ಜಿಯ ಮಾತೇ ದೊಡ್ಡದೆನ್ನಿಸಿತು.

ಪ್ಲೇಟಿನ ಕತೆಗೆ ಒಂದು ಪೂರ್ವರಂಗ ಉಂಟು, ಅದು ನಮ್ಮ ರಾಜ್ಯದ ನೆಲದಲ್ಲೇ ಮುಗಿಯುತ್ತದೆ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ರೆಕಾರ್ಡಿಂಗ್ ತಜ್ಞ ಕಲ್ಕತ್ತೆಯ ಹೋಟೆಲ್ ಕೋಣೆಯೊಂದರಲ್ಲಿ ಯಂತ್ರ ಹೂಡಿದಾಗ ಹಾಡಿದವರಲ್ಲಿ ಗೌಹರ್ ಜಾನ್ ಒಬ್ಬಳು. ಯಂತ್ರದ ಮುಂದೆ ಹಾಡುವುದಕ್ಕೆ ದೊಡ್ಡ ಉಸ್ತಾದರು ಹಿಂಜರಿದರು, ಹಾಡಿಕೆಯಿಂದಲೇ ಹೊಟ್ಟೆ ಹೊರೆಯಬೇಕಾದ ಹೆಣ್ಣುಮಕ್ಕಳು ಮುಂದೆ ಬಂದರು. ರೆಕಾರ್ಡಿನ ಇತಿಹಾಸದಲ್ಲಿ ಇದನ್ನು ನಾನು ಬಹಳ ದೊಡ್ಡ ಸಂಗತಿ ಎಂದು ಎಣಿಸುತ್ತೇನೆ. ಒಂದು ಕಾಲಕ್ಕೆ ರಾಣಿಯಂತೆ ಬಾಳಿದ ಗೌಹರ್ ಜಾನ್ ಕೋರ್ಟು ಕಚೇರಿ ಅಲೆದು, ನಂಬಿದವರಿಂದ ಕೈಸುಟ್ಟುಕೊಂಡು, ಕೊನೆಗೆ 1928ರಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದಳು. 1930ರ ಜನವರಿ 17ರಂದು ಮೈಸೂರಿನಲ್ಲೇ ಕಣ್ಣುಮುಚ್ಚಿದಳು. ಆಗ್ರಾದ ಜೊಹ್ರಾಬಾಯಿ ಎಂಬ ಇನ್ನೊಬ್ಬಾಕೆ ಗಂಡುದನಿಯಲ್ಲಿ ಹಾಡಿ ಪ್ಲೇಟುಗಳನ್ನು ಬಿಟ್ಟು 1913ರಲ್ಲಿ ತೀರಿಕೊಂಡಳು.

ಅದೇ 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಗಂಗೂ ಹುಟ್ಟಿದ್ದು. ತಂದೆ ಚಿಕ್ಕೂರಾವ್ ನಾಡಿಗೇರ, ತಾಯಿ ಅಂಬಾಬಾಯಿ. ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದವಳು. ಕಿರಾಣಾ ಘರಾನೆಯ ಅಬ್ದುಲ್ ಕರೀಂ ಖಾನರು ಈ ಕಡೆ ಬಂದಾಗ ಅವಳ ಹಾಡು ಕೇಳಲೆಂದೇ ಮನೆಗೆ ಬರುತ್ತಿದ್ದರು. ಜಾತಿಯಲ್ಲಿ ಗಂಗಾಮತದವರು, ಮನೆತನದಲ್ಲಿ ಹಾಡುವ ಹೆಣ್ಣುಮಕ್ಕಳು. ಇವೆರಡೂ ಸೇರಿದರೆ ಆ ಕಾಲದ ಧಾರವಾಡದ ಓಣಿಗಳಲ್ಲಿ ತಲೆಯೆತ್ತಿ ನಡೆಯುವುದು ಸುಲಭವಿರಲಿಲ್ಲ. ಹುಡುಗಿ ಬೀದಿಯಲ್ಲಿ ಹೋದರೆ ಹಾಡುವವಳು ಬಂದಳೆಂದು ಹೀಯಾಳಿಸುತ್ತಿದ್ದರು. ಸಿರಿವಂತರೊಬ್ಬರ ಹಿತ್ತಲಿನಲ್ಲಿ ಮಾವಿನಕಾಯಿ ಕದ್ದಾಗ ಆ ಮನೆಯವರು ಕೆಂಡವಾದದ್ದು ಕಾಯಿ ಹೋಯಿತೆಂದಲ್ಲ, ಹಾಡುವವಳ ಮಗಳು ತಮ್ಮ ಹಿತ್ತಲು ಮೆಟ್ಟಿದಳಲ್ಲ ಎಂದು. ಹೆಸರು ಬಂದ ಮೇಲೆ ಅದೇ ಜನ ಊಟಕ್ಕೆ ಕರೆದರು ಎಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾರೆ. ಬೀದಿಯಲ್ಲಿ ಗ್ರಾಮಫೋನ್ ದನಿ ಕೇಳಿದರೆ ಸಾಕು, ಗಂಗೂ ಮನೆಬಿಟ್ಟು ಓಡುತ್ತಿದ್ದಳಂತೆ. ಹೀಯಾಳಿಸುವ ಬೀದಿಯಲ್ಲೇ ನಿಂತು ಹಾಡು ಕೇಳಿದ ಹುಡುಗಿ ಅವಳು.

1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಧ್ಯಕ್ಷತೆ ಗಾಂಧೀಜಿಯವರದು. ಸ್ವಾಗತಗೀತೆ ಹಾಡಿದವರಲ್ಲಿ 11 ವರ್ಷದ ಗಂಗೂ ಇದ್ದಳು. ಅವಳಿಗೆ ಅಲ್ಲಿ ಇದ್ದ ಭಯ ಒಂದೇ: ಊಟವಾದ ಮೇಲೆ ಎಂಜಲು ತೆಗೆಯಲು ಎಲ್ಲಿ ತನಗೆ ಹೇಳಿಬಿಡುತ್ತಾರೋ ಎಂದು. ಗಾಂಧಿಯ ಎದುರು ಹಾಡುವ ಮಗುವಿನ ಮನಸ್ಸಿನಲ್ಲಿ ಶ್ರುತಿ ತಪ್ಪೀತು ಎಂಬ ಭಯ ಇರಬೇಕಿತ್ತು. ಅಲ್ಲಿದ್ದದ್ದು ಎಂಜಲೆಲೆಯ ಭಯ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುವಾಗ ನಾನು ಸ್ವಾತಂತ್ರ್ಯ ಚಳವಳಿಯ ಕತೆಯ ಜೊತೆಗೆ ಇದನ್ನೂ ಹೇಳುತ್ತಿದ್ದೆ. ಬೆಳಗಾವಿ ಅಧಿವೇಶನದ ಚರಿತ್ರೆ ಎಂದರೆ ಇದೂ ಹೌದು.

1928ರಲ್ಲಿ ಸಂಸಾರ ಹುಬ್ಬಳ್ಳಿಗೆ ಬಂತು. ಮಗಳಿಗೆ ಹಿಂದೂಸ್ತಾನಿ ಕಲಿಸಬೇಕು ಎಂಬ ಹಟ ಅಂಬಾಬಾಯಿಯದು. ಅದಕ್ಕಾಗಿ ಆಕೆ ಮಾಡಿದ ಕೆಲಸ ಕೇಳಿದರೆ ಕರುಳು ಹಿಂಡುತ್ತದೆ. ತನ್ನ ಕರ್ನಾಟಕಿ ಬಾಣಿ ಮಗಳ ಕಿವಿಗೆ ಬಿದ್ದರೆ ಎರಡೂ ಕಲಬೆರಕೆಯಾದೀತೆಂದು ತಾನು ಹಾಡುವುದನ್ನೇ ನಿಲ್ಲಿಸಿದಳು. ಅಬ್ದುಲ್ ಕರೀಂ ಖಾನರು ಮನೆಗೆ ಬಂದು ಕೇಳುತ್ತಿದ್ದ ಹಾಡುಗಾರಿಕೆ ಅದು. ಮೊದಲು ಹುಲಗೂರು ಕೃಷ್ಣಾಚಾರ್ಯರ ಬಳಿ ಪಾಠ, ಆಮೇಲೆ ದತ್ತೋಪಂತ ದೇಸಾಯಿಯವರ ಬಳಿ. ಹದಿನಾರಕ್ಕೆ ಗಂಗೂಬಾಯಿ ವಕೀಲ ಗುರುರಾವ್ ಕೌಲಗಿಯವರ ಕೈಹಿಡಿದರು. ಕೌಲಗಿಯವರು ಬ್ರಾಹ್ಮಣರು; ಆ ಸಂಬಂಧಕ್ಕೆ ಅಂದಿನ ಸಮಾಜದಲ್ಲಿ ಶಾಸ್ತ್ರೋಕ್ತ ಮದುವೆಯ ಮರ್ಯಾದೆ ಇರಲಿಲ್ಲ. ಅವರು ಹೆಂಡತಿಯ ಹಾಡಿಕೆಗೆ ಅಡ್ಡ ಬಂದವರಲ್ಲ, ಆದರೆ ಕೈಹಾಕಿದ ವ್ಯಾಪಾರಗಳು ಮೇಲೇಳಲಿಲ್ಲ. ಸಾಲ ಮನೆಬಾಗಿಲಿಗೆ ಬಂತು. ಮಕ್ಕಳು ಮೂವರು, ಕೃಷ್ಣಾ, ನಾರಾಯಣ, ಬಾಬು.

1932ರಲ್ಲಿ ಅಂಬಾಬಾಯಿ ತೀರಿಕೊಂಡಳು. ಹೆಚ್ಚು ದಿನ ಕಳೆಯದೆ ತಂದೆಯೂ ಹೋದರು. ಗಂಗೂಬಾಯಿಗೆ ಆಗ ಹತ್ತೊಂಬತ್ತು. ತನಗಾಗಿ ಹಾಡು ಬಿಟ್ಟ ತಾಯಿ ತನ್ನ ಹಾಡು ಬೆಳಗುವ ಮೊದಲೇ ಹೋದಳೆಂಬ ದುಃಖ, ಕೈಗೂಸು, ಸಾಲ, ಅದರ ಜೊತೆಗೆ ಓಣಿಯ ಮಾತು. ಗಾಂಧಾರಿಯ ಪ್ಲೇಟುಗಳು ಹುಟ್ಟಿದ ಹೊತ್ತು ಇದು.

ಎಚ್‌ಎಂವಿ ಕಂಪನಿ 1930ರ ದಶಕದ ಮೊದಲ ವರ್ಷಗಳಲ್ಲಿ ಆಕೆಯನ್ನು ಹಾಡಲು ಕರೆಯಿತು. ಗಂಗೂಬಾಯಿ ಎನ್ನುವ ಹೆಸರು ಪ್ಲೇಟಿನ ಮೇಲೆ ಚೆನ್ನಾಗಿ ಕಾಣದು ಎಂದು ಗಾಂಧಾರಿ ಎಂದು ಬದಲಾಯಿಸಿದರು. ಆ ಹೆಸರಿನಲ್ಲೇ ಬಂದಿಶ್‌ಗಳು ಬಂದವು, ಜಿ. ಎನ್. ಜೋಶಿಯವರ ಜೊತೆಗೆ ಮರಾಠಿ ಭಾವಗೀತೆಗಳ ಯುಗಳವೂ ಬಂತು. ಜೋಶಿ ಮುಂದೆ ಅದೇ ಕಂಪನಿಯ ರೆಕಾರ್ಡಿಂಗ್ ವಿಭಾಗದಲ್ಲಿ ಬಹುಕಾಲ ದುಡಿದರು. ಪ್ಲೇಟುಗಳು ಮಾರಾಟವಾದವು. ಪ್ಲೇಟಿನ ಹೆಸರು ಕೇಳಿ ಕಚೇರಿಗಳು, ಮುಂಬಯಿಯ ಆಮಂತ್ರಣಗಳು ಬಂದವು. ಮನೆಯ ಒಲೆ ಉರಿದದ್ದು ಆ ದುಡ್ಡಿನಲ್ಲಿ. ತಾಯಿ ಇಟ್ಟ ಹೆಸರು ಲೇಬಲ್ಲಿನಲ್ಲಿ ಇಲ್ಲದಿದ್ದರೂ ಸಂಪಾದನೆ ತಾಯಿಯ ಮೊಮ್ಮಕ್ಕಳ ಹೊಟ್ಟೆಗೆ ಹೋಯಿತು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ಆ ಕಾಲದ ರೆಕಾರ್ಡಿಂಗ್ ಎಂದರೆ ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ನಿಮಿಷ, ಹೆಚ್ಚೆಂದರೆ ಅದರ ಮೇಲೆ ಕೆಲವು ಸೆಕೆಂಡು. ಕಚೇರಿಯಲ್ಲಿ ಒಂದು ಖಯಾಲು ಮುಕ್ಕಾಲು ಗಂಟೆ ಅರಳುತ್ತದೆ. ಇಲ್ಲಿ ನಿಧಾನಕ್ಕೆ ಜಾಗವಿಲ್ಲ, ತಪ್ಪಿದರೆ ತಿದ್ದುವ ಉಪಾಯವೂ ಇಲ್ಲ. ಮೇಣದ ತಟ್ಟೆಯ ಮೇಲೆ ಗೀರು ಬಿದ್ದರೆ ಬಿತ್ತು. ತಪ್ಪಿದರೆ ಮೊದಲಿನಿಂದ ಹಾಡಬೇಕು. ಮೊದಲ ಷಡ್ಜವೇ ನೆಟ್ಟಗೆ ನಿಲ್ಲಬೇಕು, ಎರಡು ಸುತ್ತಿನಲ್ಲಿ ರಾಗದ ಮುಖ ಕಾಣಬೇಕು, ನಾಲ್ಕಾರು ತಾನ್ ಹೊಡೆದು ಸಮ್‌ಗೆ ಬಂದು ಮುಗಿಸಬೇಕು. ನಮ್ಮ ಮನೆಯ ಪ್ಲೇಟಿನಲ್ಲಿ ಒಂದು ಕಡೆ ದನಿ ತಾರ ಷಡ್ಜ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಉಸಿರು ತೆಗೆದುಕೊಂಡದ್ದು ಕೇಳಿಸುತ್ತದೆ. ಮತ್ತೆ ಅದೇ ಸ್ವರ, ಆದರೆ ಈ ಸಲ ಒಂದು ಕೂದಲೆಳೆಯಷ್ಟು ಕೆಳಗಿನಿಂದ ಹತ್ತಿ ಬಂದು ಕೂರುತ್ತದೆ. ಮೊದಲಿನದು ಹುಡುಗಿಯ ಸ್ವರ, ಎರಡನೆಯದು ಹಡೆದ ತಾಯಿಯ ಸ್ವರ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇದೇ ಕಾಲಕ್ಕೆ ಸಮುದ್ರದ ಆಚೆ ಅಮೆರಿಕದಲ್ಲೂ ಹೆಣ್ಣುಮಕ್ಕಳು ತಮ್ಮ ಬದುಕನ್ನು ಪ್ಲೇಟಿನ ಮೇಲೆ ಇಡುತ್ತಿದ್ದರು. 1920ರಲ್ಲಿ ಮಾಮಿ ಸ್ಮಿತ್ ಎಂಬ ಕಪ್ಪು ಜನಾಂಗದ ಗಾಯಕಿಯ ಬ್ಲೂಸ್ ಪ್ಲೇಟು ಲೆಕ್ಕವಿಲ್ಲದಷ್ಟು ಮಾರಾಟವಾಯಿತು. 1923ರಲ್ಲಿ ಬೆಸ್ಸಿ ಸ್ಮಿತ್ ಬಂದಳು. ಎಳೆತನದಲ್ಲೇ ತಂದೆತಾಯಿ ಇಲ್ಲದೆ ಬೀದಿಯಲ್ಲಿ ಹಾಡಿ ಬೆಳೆದವಳು, 1937ರಲ್ಲಿ ಕಾರು ಅಪಘಾತದಲ್ಲಿ ಹೋದಳು. ಅವರ ಹಾಡಿನಲ್ಲಿ ಕಷ್ಟ ಮಾತಿನಲ್ಲೇ ಇರುತ್ತದೆ: ಬಿಟ್ಟುಹೋದ ಗಂಡ, ಬಾಡಿಗೆ ಕಟ್ಟದ ಮನೆ, ಏರಿ ಬಂದ ಹೊಳೆ. ಗಾಂಧಾರಿಗೆ ಆ ಅನುಕೂಲವಿರಲಿಲ್ಲ. ಅವಳ ಬಂದಿಶ್‌ಗಳ ಮಾತೆಲ್ಲ ಮಳೆ, ಕೃಷ್ಣ, ಅತ್ತೆ, ನಾದಿನಿ, ನೂರಾರು ವರ್ಷದಿಂದ ಎಲ್ಲರೂ ಹಾಡಿದ ಮಾತು. ಹುಬ್ಬಳ್ಳಿಯ ಸಾಲ, ತಾಯಿಯ ಸಾವು, ಓಣಿಯ ಮೂದಲಿಕೆ ಅದರೊಳಗೆ ಎಲ್ಲೂ ಇಲ್ಲ. ಹಾಗಾಗಿ ಅಷ್ಟೂ ಸ್ವರದೊಳಗೆ ಹೋಗಬೇಕಾಯಿತು. ತಾತ ಹೇಳಿದಂತೆ ಅದು ರಾಗವೇ. ಆದರೆ ಭಾಷೆಯೇ ತಿಳಿಯದ ಕೆಂಕೆರೆಯ ನನ್ನ ಅಜ್ಜಿಗೆ ಅದು ಹೇಗೆ ತಲುಪಿತು ಎಂದರೆ, ಮಾತು ಅಡ್ಡ ಬಾರದ ಕಾರಣಕ್ಕೇ ತಲುಪಿತು ಎಂಬುದು ನನ್ನ ನಂಬಿಕೆ.

ಇನ್ನೊಂದು ನಂಟೂ ಇದೆ, ಅದು ಪ್ಲೇಟಿನ ಮೈಯಲ್ಲೇ ಇದೆ. ಆ ಕಾಲದ ಪ್ಲೇಟು ಅರಗಿನಿಂದ ಆದದ್ದು. ಮುತ್ತುಗ, ಬೋರೆ ಮರಗಳ ಕೊಂಬೆಯ ಮೇಲೆ ಹುಳ ಕಟ್ಟುವ ಅರಗನ್ನು ಕರಗಿಸಿ, ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತುತ್ತಿದ್ದರು. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದದ್ದು ಹಿಂದೂಸ್ಥಾನದಿಂದ, ಅದರಲ್ಲೂ ಛೋಟಾನಾಗಪುರದ ಕಾಡುಗಳಿಂದ. ಕಲ್ಕತ್ತೆಯ ಡಮ್‌ಡಮ್ ಕಾರ್ಖಾನೆಯಲ್ಲಿ ಒತ್ತಿದ ನಮ್ಮ ಪ್ಲೇಟುಗಳಿಗೂ, ಅಮೆರಿಕದಲ್ಲಿ ಒತ್ತಿದ ಬ್ಲೂಸ್ ಪ್ಲೇಟುಗಳಿಗೂ ಅದೇ ಕಾಡಿನ ಅರಗು. ಯುದ್ಧ ಬಂದಾಗ 1942ರಲ್ಲಿ ಅಮೆರಿಕ ಸರ್ಕಾರ ಅರಗಿನ ಬಳಕೆಗೆ ಮಿತಿ ಹಾಕಿತು. ಹಳೆಯ ಪ್ಲೇಟುಗಳನ್ನು ಒಪ್ಪಿಸಿದರೆ ಮಾತ್ರ ಹೊಸದು ಎನ್ನುವ ಪರಿಸ್ಥಿತಿ ಬಂತು. ಎಷ್ಟು ದನಿಗಳು ಹಾಗೆ ಕರಗಿಹೋದವೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಗಂಗೂಬಾಯಿಯ ದನಿ ಕರಗಿದ್ದು ಬೇರೆ ರೀತಿಯಲ್ಲಿ. ಅದಕ್ಕೆ ಮುಂಚೆ ಕುಂದಗೋಳದ ಮಾತು ಹೇಳಬೇಕು.

ಸವಾಯಿ ಗಂಧರ್ವರು, ಅಂದರೆ ಕುಂದಗೋಳದ ರಾಮಭಾವು, ನಾಟಕ ಕಂಪನಿಯ ಅಲೆದಾಟ ಮುಗಿಸಿ ಊರಿಗೆ ಮರಳಿದ ಮೇಲೆ 1930ರ ದಶಕದ ಕೊನೆಯಲ್ಲಿ ಗಂಗೂಬಾಯಿಗೆ ನಿಯಮದ ಪಾಠ ಸಿಕ್ಕಿತು. ಆ ಹೊತ್ತಿಗೆ ಪ್ಲೇಟುಗಳಿಂದ ಹೆಸರು ಬಂದಾಗಿದೆ, ಮಕ್ಕಳ ತಾಯಿಯಾಗಿದ್ದಾರೆ. ಆದರೂ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಮೊದಲ ಪಾಠದವರಂತೆ ಕೂತರು. ಗುರುಗಳದು ಒಂದೇ ಪಲುಕನ್ನು ದಿನಗಟ್ಟಲೆ ಹೇಳಿಸುವ ಕ್ರಮ. ಇನ್ನೊಂದು ರಾಗ ಕಲಿಸಿ ಎಂದು ಕೇಳುವ ಹಾಗಿಲ್ಲ. ಅಲ್ಲಿ ಜೊತೆಗೆ ಕಲಿಯುತ್ತಿದ್ದ ಹುಡುಗ ಗದಗಿನ ಭೀಮಸೇನ ಜೋಶಿ, ಗುರುವಿನ ಮನೆಗೆ ನೀರು ಹೊರುತ್ತಿದ್ದವನು. ಪಾಠ ಮುಗಿದು ಕತ್ತಲಾದರೆ ಅಕ್ಕನನ್ನು ಸ್ಟೇಷನ್ನಿನ ತನಕ ಬಿಟ್ಟುಬರುತ್ತಿದ್ದ. ರೈಲಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಕುಂದಗೋಳದ ಆ ಚಿಕ್ಕ ಸ್ಟೇಷನ್ ಬಂದರೆ ನಾನು ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲಲಿ ಬಿಡಲಿ, ಪ್ಲಾಟ್‌ಫಾರಂ ಕಣ್ಣಿಗೆ ಬೀಳಬೇಕು. ನಮ್ಮ ಕೊಬ್ಬರಿ ಹತ್ತಿಕೊಂಡು ಹೋದ ವ್ಯಾಗನ್ನುಗಳೂ ಅದೇ ಪ್ಲಾಟ್‌ಫಾರಂ ಮುಂದೆಯೇ ಉರುಳಿ ಹೋಗಿವೆ.

1940ರ ದಶಕದ ಆರಂಭದಲ್ಲಿ ಗಂಟಲಿಗೆ ಟಾನ್ಸಿಲ್ ಬಾಧೆ ಬಂತು. ಚಿಕಿತ್ಸೆ ಆಯಿತು. ಅದಾದ ಮೇಲೆ ಮೇಲಿನ ದನಿ ಹಿಂದಿರುಗಲಿಲ್ಲ. ಪ್ಲೇಟು ಕೊಂಡವರು ಮೆಚ್ಚಿದ ಆ ತೆಳು ದನಿ, ಮನೆಗೆ ಅನ್ನ ತಂದ ದನಿ, ಒಂದು ಕಾಯಿಲೆಗೆ ಹೋಗಿಬಿಟ್ಟಿತು. ಗಾಯಕಿಗೆ ಮೂವತ್ತರ ಆಸುಪಾಸು. ಗುರುಗಳೂ ಅದೇ ಕಾಲಕ್ಕೆ ಪಾರ್ಶ್ವವಾಯುವಿಗೆ ತುತ್ತಾದರು, 1952ರಲ್ಲಿ ತೀರಿಕೊಂಡರು. ದನಿ ಹೋದ ಗಾಯಕಿಗೆ ಆಗಿನ ಸಮಾಜ ಏನು ಉಳಿಸುತ್ತಿತ್ತು? ಗಂಗೂಬಾಯಿ ಮಾಡಿದ್ದು ಇಷ್ಟು: ಇರುವ ದನಿಯನ್ನು ಹೊಸದಾಗಿ ಕಲಿತರು. ಶ್ರುತಿ ಇಳಿಸಿದರು. ಗಂಡಸರ ಶ್ರುತಿಗೆ ತಂಬೂರಿ ಮಾಡಿಸಿ, ಮಂದ್ರದಲ್ಲಿ ಮನೆ ಕಟ್ಟಿದರು. ಚುರುಕಿನ ಹಾಡಿಕೆ ಬಿಟ್ಟು ವಿಲಂಬಿತಕ್ಕೆ, ಒಂದೊಂದೇ ಸ್ವರವನ್ನು ಇಡೀ ತೂಕದಲ್ಲಿ ಇಡುವುದಕ್ಕೆ ಒಗ್ಗಿಕೊಂಡರು. ಗುರು ಒಂದೇ ಪಲುಕನ್ನು ದಿನಗಟ್ಟಲೆ ಹೇಳಿಸಿದ್ದರಲ್ಲ, ಆ ಪಾಠ ಈಗ ಕೈಹಿಡಿಯಿತು. ಲೇಬಲ್ಲಿನ ಗಾಂಧಾರಿಯೂ ಅಲ್ಲಿಗೆ ಹಿಂದೆ ಬಿದ್ದಳು. ತಾಯಿ ಇಟ್ಟ ಹೆಸರಿಗೆ ಮನೆತನದ ಊರು ಸೇರಿ ಗಂಗೂಬಾಯಿ ಹಾನಗಲ್ ಎಂದು ದೇಶಕ್ಕೆಲ್ಲ ಗೊತ್ತಾದರು. ಬಾಲ್ಯದಲ್ಲಿ ಬೀದಿಗೆ ಓಡಿ ಕೇಳಿದ ಪ್ಲೇಟುಗಳ ಕಾಲದ ಆ ಜೊಹ್ರಾಬಾಯಿಯ ಗಂಡುದನಿಗೆ ಹತ್ತಿರವಾದ ದನಿ ತನ್ನ ಕೊರಳಿನಿಂದಲೇ ಹೊರಟಿತು.

ಇಲ್ಲಿ ಅಮೆರಿಕದ ಗಾಯಕಿ ಬಿಲ್ಲಿ ಹಾಲಿಡೇ ನೆನಪಾಗುತ್ತಾಳೆ. 1930ರ ದಶಕದ ಪ್ಲೇಟುಗಳಲ್ಲಿ ಚುಕ್ಕಿಯಂತೆ ಮಿನುಗಿದ ದನಿ ಅವಳದು. ಮಾದಕ ವಸ್ತು, ಜೈಲು, ಹೊಡೆಯುವ ಗಂಡಸರು ಎಲ್ಲವನ್ನೂ ಉಂಡು 1958ರ ಫೆಬ್ರವರಿಯಲ್ಲಿ ‘ಲೇಡಿ ಇನ್ ಸ್ಯಾಟಿನ್’ ಎಂಬ ಆಲ್ಬಮ್ಮಿಗೆ ಹಾಡಿದಾಗ ದನಿ ಒಡೆದು ಗರಗರ ಎನ್ನುತ್ತಿತ್ತು. ಸುತ್ತ ತುಂಬು ವಾದ್ಯಗೋಷ್ಠಿ, ನಡುವೆ ಆ ಒಡಕು ದನಿ. ಮರುವರ್ಷ ಜುಲೈನಲ್ಲಿ ಸತ್ತಳು, ವಯಸ್ಸು 44. ಆ ಆಲ್ಬಮ್ ಅವಳ ಶ್ರೇಷ್ಠ ಕೆಲಸವೋ, ಕೇಳಬಾರದ ನರಳಾಟವೋ ಎಂದು ಕೇಳುಗರಲ್ಲಿ ಇವತ್ತಿಗೂ ವಾದವಿದೆ. ನನಗೆ ಅದು ಶ್ರೇಷ್ಠವೇ. ಒಡೆದ ದನಿಯಿಂದ ಅವಳು ಸುಳ್ಳು ಹೇಳಲಿಲ್ಲ. ಆದರೆ ಅವಳಿಗಿಲ್ಲದ ಎರಡು ಭಾಗ್ಯ ಗಂಗೂಬಾಯಿಗೆ ಇದ್ದವು. ಒಂದು, ಒಂದೇ ಸ್ವರದ ಮೇಲೆ ಕೂರಿಸಿದ ಗುರು. ಇನ್ನೊಂದು, ಮಗಳು ಕೃಷ್ಣಾ.

ಕೃಷ್ಣಾ ಹಾನಗಲ್ ತಾಯಿಯ ಹಿಂದೆ ತಂಬೂರಿ ಹಿಡಿದು ಕೂತು, ಜೊತೆದನಿ ಕೊಟ್ಟು ಒಂದು ಆಯುಷ್ಯವನ್ನೇ ಕಳೆದವರು. ಕಚೇರಿಯ ರೆಕಾರ್ಡಿಂಗುಗಳಲ್ಲಿ ಗಮನವಿಟ್ಟು ಕೇಳಿ: ತಾಯಿ ಮಂದ್ರ, ಮಧ್ಯದಲ್ಲಿ ನೆಲ ಹದ ಮಾಡುತ್ತಾ ಬಂದು ಮೇಲಕ್ಕೆ ನೋಡುವ ಹೊತ್ತಿಗೆ ಮಗಳ ದನಿ ತಾರಕ್ಕೆ ಹತ್ತುತ್ತದೆ. ಗಾಂಧಾರಿ ಹತ್ತುತ್ತಿದ್ದ ಜಾಗ ಅದು. ಸ್ವತಂತ್ರವಾಗಿ ಹಾಡಬಲ್ಲ ಶಕ್ತಿಯಿದ್ದ ಕೃಷ್ಣಾಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ ಎಂಬ ನೋವು ನನ್ನಂಥ ಬಹಳ ಜನ ಕೇಳುಗರಿಗೆ ಇದೆ. ಮಗಳಿಗಾಗಿ ಹಾಡು ನಿಲ್ಲಿಸಿದ ಅಂಬಾಬಾಯಿ ಒಂದು ಕಡೆ, ತಾಯಿಗಾಗಿ ಹಾಡಿದ ಕೃಷ್ಣಾ ಇನ್ನೊಂದು ಕಡೆ. ಅಂಬಾಬಾಯಿಯ ದನಿ ನಾನು ಕೇಳಿದ ಯಾವ ಪ್ಲೇಟಿನಲ್ಲೂ ಇಲ್ಲ. 2004ರಲ್ಲಿ ಕೃಷ್ಣಾ ಕ್ಯಾನ್ಸರಿನಿಂದ ಹೋದರು, ತೊಂಬತ್ತು ದಾಟಿದ ತಾಯಿ ಉಳಿದರು. 2006ರ ಮಾರ್ಚಿನಲ್ಲಿ ಗಂಗೂಬಾಯಿ ಕೊನೆಯ ಕಚೇರಿ ಮಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು. ಕಣ್ಣು ದಾನ ಮಾಡಿದ್ದರು.

ಪ್ರಶಸ್ತಿಗಳ ಪಟ್ಟಿ ಎಲ್ಲರಿಗೂ ಗೊತ್ತು: 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ಐದನೇ ಇಯತ್ತೆಗೆ ಶಾಲೆ ಬಿಟ್ಟ ಹೆಣ್ಣುಮಗಳ ಹೆಸರಿನಲ್ಲಿ ಇಂದು ಮೈಸೂರಿನಲ್ಲಿ ಸಂಗೀತ ವಿಶ್ವವಿದ್ಯಾಲಯವಿದೆ. ಮೈಸೂರು ಎಂದರೆ ಗೌಹರ್ ಜಾನ್ ಕೊನೆಯುಸಿರೆಳೆದ ಊರು. ಅಲ್ಲಿ ಕಲಿಯುವ ಮಕ್ಕಳು ಗಂಗೂಬಾಯಿಯವರ ಎಲ್‌ಪಿ, ಕ್ಯಾಸೆಟ್ಟು, ರೇಡಿಯೋ ಧ್ವನಿಮುದ್ರಿಕೆ ಕೇಳುತ್ತಾರೆ, ಕೇಳಲೇಬೇಕು. ಆದರೆ ಗಾಂಧಾರಿಯನ್ನು ಬಾಲ್ಯದ ಚಪಲ, ಮುಂದಿನ ದೊಡ್ಡ ಕೆಲಸಕ್ಕೆ ಮುನ್ನುಡಿ ಎಂದು ಬದಿಗಿಡುವವರನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಹಸೆಗೆ ಕೂರಿಸುವಾಗ ಸೋಬಾನೆ ಹೇಳುವ ಹೆಂಗಸಿಗೆ ಮಡಿಲು ತುಂಬುತ್ತೇವೆ. ಅದೇ ಹೆಂಗಸು ದುಡ್ಡಿಗೆ ಹಾಡಿದರೆ ಹೆಸರಿಡುತ್ತೇವೆ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ, ಮನೆಯ ಕಷ್ಟಕ್ಕೆ ದುಡ್ಡಿಗೇ ಹಾಡಿ, ಆ ಮೂರು ನಿಮಿಷದಲ್ಲಿ ಒಂದು ಸ್ವರವನ್ನೂ ಅಗ್ಗ ಮಾಡದ ಕೆಲಸ ಗಾಂಧಾರಿಯದು. ಮುಂದೆ ಬಂದ ಗಡಸು ದನಿಯ ಗೌರವಕ್ಕೆ ಬೇರು ಅಲ್ಲಿದೆ.

ಆದ್ದರಿಂದ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರಲ್ಲಿ ಒಂದು ಕೇಳಿಕೆ. ಹಳೆಯ ತೊಟ್ಟಿಮನೆಗಳನ್ನು ಕೆಡವಿ ಆರ್‌ಸಿಸಿ ಕಟ್ಟುವಾಗ ಅಟ್ಟ ಖಾಲಿ ಮಾಡುತ್ತೀರಿ. ಕೊಬ್ಬರಿ ದುಡ್ಡಿನಲ್ಲಿ ತಂದ ಪ್ಲೇಟುಗಳು ಆ ಮೂಲೆಯಲ್ಲಿ ಇನ್ನೂ ಇರಬಹುದು. ಗುಜರಿಗೆ ಹಾಕಬೇಡಿ. ಬಿಸಿಲಿಗೆ ಇಟ್ಟರೆ, ಒಲೆಯ ಮೇಲಿನ ಅಟ್ಟದ ಶಾಖಕ್ಕೆ ಬಿಟ್ಟರೆ ಅರಗು ಬಾಗುತ್ತದೆ. ಒಂದರ ಮೇಲೊಂದು ಪೇರಿಸಬೇಡಿ, ಕಾಗದದ ಚೀಲದಲ್ಲಿ ಹಾಕಿ ಪುಸ್ತಕದಂತೆ ನಿಲ್ಲಿಸಿಡಿ. ಹೊಳಪು ಬರಲೆಂದು ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ನಮ್ಮ ಕಡೆ ಇದೆ. ಎಣ್ಣೆ ಗೀರಿನೊಳಗೆ ಇಳಿದು ಧೂಳನ್ನು ಹಿಡಿದು ಕೂರುತ್ತದೆ. ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ, ಹಾಡೂ ಅದರ ಜೊತೆಗೇ ಹೋಗುತ್ತದೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆ ಸಾಕು, ನಡುವಿನ ಕಾಗದದ ಲೇಬಲ್ ಮಾತ್ರ ನೆನೆಯಬಾರದು. ಪ್ಲೇಟು ಕೈಜಾರಿ ಎರಡು ತುಂಡಾಗಿದ್ದರೂ ಎಸೆಯಬೇಡಿ. ಎರಡೂ ತುಂಡನ್ನು ಅಂಚು ಉಜ್ಜದ ಹಾಗೆ ಬೇರೆಬೇರೆ ಕಾಗದದಲ್ಲಿ ಸುತ್ತಿ ಒಟ್ಟಿಗೆ ಇಡಿ. ಕೂಡಿಸಿ ಹಾಡು ಎತ್ತಿಕೊಳ್ಳಬಲ್ಲವರು ಇದ್ದಾರೆ.